ಅಣ್ಣನ ಆಕ್ಸಿಡೆಂಟ್ ಕ್ಲೇಮು: ವಕೀಲರ ಹತ್ತಿರ ಮೊದಲ ಸಲ ಹೋಗುವಾಗ ಏನು ಒಯ್ಯಬೇಕು, ಏನು ಕೇಳಬೇಕು?

ಸಂಜೆಮಲ್ಲಿಗೆ:

ಎಲ್ಲರಿಗೂ ನಮಸ್ಕಾರ. ಅಡ್ಡರಸ್ತೆಯಿಂದ ನುಗ್ಗಿದ ಕಾರೊಂದು ನಮ್ಮಣ್ಣನ ಕಾರಿಗೆ ಗುದ್ದಿ ಎರಡು ತಿಂಗಳಾಗ್ತಾ ಬಂತು. ಬಲಗಾಲಿನ ತೊಡೆಮೂಳೆ ಮುರಿದು ಆಪರೇಷನ್ ಆಗಿದೆ, ಒಳಗೆ ರಾಡ್ ಇದೆ, ವಾಕರ್ ಹಿಡಿದು ಓಡಾಡ್ತಾನೆ. ಅವನಿಗೆ 38 ವರ್ಷ. ಟೈಲ್ಸ್ ಹಾಕೋ ಕೆಲಸ. ಸಂಬಳದ ಚೀಟಿ, ಐಟಿ ರಿಟರ್ನ್ ಯಾವುದೂ ಇಲ್ಲ. ಎಫ್‌ಐಆರ್ ಆಗಿದೆ.

ಆಸ್ಪತ್ರೆಯಲ್ಲಿದ್ದಾಗಲೇ ಒಬ್ಬರು ವಾರ್ಡಿಗೆ ಬಂದು "ಕೇಸು ನಾವು ನೋಡ್ಕೋತೀವಿ, ನಿಮ್ಮ ಕೈಯಿಂದ ಒಂದು ಪೈಸೆ ಬೇಡ, ಇಲ್ಲೊಂದು ಸೈನ್ ಹಾಕಿ ಸಾಕು" ಅಂದಿದ್ರು. ಅತ್ತಿಗೆ ಹೆದರಿ ಹಾಕಿಸಲಿಲ್ಲ. ಹೋದ ವಾರ ಎದುರಿನ ಕಾರಿನ ಇನ್ಶೂರೆನ್ಸ್ ಕಂಪನಿಯವರು ಫೋನ್ ಮಾಡಿ, ಮಾತಾಡಿ ಮುಗಿಸ್ಕೊಳ್ಳೋಣ ಅಂದ್ರು. ಈ ಶನಿವಾರ ಪರಿಚಯದವರು ಹೇಳಿದ ವಕೀಲರೊಬ್ಬರನ್ನ ನೋಡೋಕೆ ಹೋಗ್ತಿದ್ದೀವಿ. ನಮ್ಮ ಮನೇಲಿ ಯಾರೂ ಕೋರ್ಟ್ ಮೆಟ್ಟಿಲು ಹತ್ತಿದವರಲ್ಲ. ಏನು ತಗೊಂಡು ಹೋಗ್ಬೇಕು? ಏನು ಕೇಳ್ಬೇಕು? ಮೊದಲ ದಿನವೇ ಸೈನ್ ಹಾಕ್ಬೇಕಾ?

ಊರುಗೋಲು:

ನಿಮ್ಮತ್ತಿಗೆ ಗಟ್ಟಿಗಿತ್ತಿ ಕಣಮ್ಮ. ವಾರ್ಡಿಗೆ ಬರೋರು ಮುಕ್ಕಾಲು ಪಾಲು ವಕೀಲರೇ ಆಗಿರಲ್ಲ, ಕೇಸು ಹಿಡಿದುಕೊಡೋ ಏಜೆಂಟರು. ನೋವಲ್ಲಿರೋನ ಮುಂದೆ ಕಾಗದ ಹಿಡಿದರೆ ಅವನು ಏನಂತ ಓದ್ತಾನೆ?

ನಾನೂ ಕ್ಲೇಮು ಹಾಕಿ ಮುಗಿಸಿದವನೇ. ಒಂದು ಮಾತು ಹೇಳ್ತೀನಿ. ಮೊದಲ ಭೇಟಿಗೆ ಹೋದಾಗ ಎಲ್ಲರೂ ಕೇಳೋದು "ಎಷ್ಟು ಬರುತ್ತೆ ಸಾರ್" ಅಂತ. ಅದನ್ನ ಕೊನೆಗೆ ಕೇಳಿ, ಇಲ್ಲ ಕೇಳಲೇಬೇಡಿ. ಮೊದಲ ದಿನವೇ ಮೊತ್ತ ಹೇಳೋ ವಕೀಲರು ಒಂದೋ ಫೈಲ್ ಓದಿಲ್ಲ, ಇಲ್ಲ ನಿಮ್ಮನ್ನ ಹಿಡಿದಿಟ್ಟುಕೊಳ್ಳೋಕೆ ಹೇಳ್ತಿದ್ದಾರೆ. ಇವರ ಕೈಗೆ ಈ ಕೇಸು ಕೊಡಬಹುದಾ ಅಂತ ನೀವು ಅಳೆಯೋ ದಿನ ಅದು. ಅವರು ನಿಮ್ಮನ್ನ ಅಳೀತಾರೆ, ಅದು ಬೇರೆ.

ಕಪ್ಪುಕೋಟು:

ನಾನು ವಕೀಲ. ಮೋಟಾರು ಅಪಘಾತ ಪರಿಹಾರದ ಕೇಸುಗಳನ್ನು ನಡೆಸುತ್ತೇನೆ. ನಿಮ್ಮ ಕೇಸಿಗೆ ಅಭಿಪ್ರಾಯ ಕೊಡುತ್ತಿಲ್ಲ, ಶನಿವಾರದ ಭೇಟಿಗೆ ತಯಾರಿ ಹೇಗೆ ಎಂಬಷ್ಟನ್ನೇ ಬರೆಯುತ್ತೇನೆ.

ಮೊದಲು ದಿನಾಂಕ. ಮೋಟಾರು ವಾಹನಗಳ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಈ ವಿಷಯದಲ್ಲಿ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಕಲಂ 166(3)ರಡಿ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. 1994ರ ನವೆಂಬರ್‌ನಿಂದ 2022ರವರೆಗೆ ಇಂಥ ಮಿತಿ ಇರಲಿಲ್ಲ. ಅದಕ್ಕೇ ಹಳೆಯ ಕೇಸುಗಳನ್ನು ನೋಡಿದವರು "ಆಕ್ಸಿಡೆಂಟ್ ಕೇಸಿಗೆ ಲಿಮಿಟೇಷನ್ ಇಲ್ಲ, ನಿಧಾನಕ್ಕೆ ಹಾಕಿದರಾಯ್ತು" ಎನ್ನುತ್ತಾರೆ. ಕೇಳಬೇಡಿ. ಈ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ ನಿಜ. ಆದರೆ ಬೇರೆಯವರು ಹಾಕಿದ ಪ್ರಕರಣದ ಮೇಲೆ ನಿಮ್ಮ ಅಣ್ಣನ ಹಕ್ಕನ್ನು ಪಣಕ್ಕಿಡುವುದು ಯಾಕೆ? ಬಡ್ಡಿ ಕೂಡ ಅರ್ಜಿ ಹಾಕಿದ ದಿನಕ್ಕಿಂತ ಹಿಂದಿನಿಂದ ಸಿಗುವುದಿಲ್ಲ (ಕಲಂ 171). ತಡ ಮಾಡಿದಷ್ಟೂ ಅದು ನಷ್ಟವೇ.

ಒಯ್ಯಬೇಕಾದ ಕಾಗದಗಳು: ದೂರು ಮತ್ತು ಎಫ್‌ಐಆರ್ ಪ್ರತಿ, ಸ್ಥಳ ಮಹಜರು ಮತ್ತು ಸ್ಕೆಚ್ ಸಿಕ್ಕಿದ್ದರೆ ಅದು, ವೂಂಡ್ ಸರ್ಟಿಫಿಕೇಟ್ (ಗಾಯಗಳ ಬಗ್ಗೆ ಆಸ್ಪತ್ರೆ ಕೊಡುವ ಪತ್ರ), ಡಿಸ್ಚಾರ್ಜ್ ಸಮರಿ, ಎಕ್ಸ್‌ರೇ ಫಿಲ್ಮುಗಳು, ಬಿಲ್ಲು ಮತ್ತು ಅದರ ಜೊತೆಗಿನ ಔಷಧ ಚೀಟಿ, ಅಣ್ಣನ ಆಧಾರ್, ಡ್ರೈವಿಂಗ್ ಲೈಸೆನ್ಸ್, ಅವರ ಕಾರಿನ ಆರ್‌ಸಿ, ಪಾಲಿಸಿ. ಎದುರಿನ ಕಾರಿನ ನಂಬರು ಗೊತ್ತಿದ್ದರೆ ಅದರ ಪಾಲಿಸಿ ಯಾವ ಕಂಪನಿಯದು, ಆ ದಿನ ಚಾಲ್ತಿಯಲ್ಲಿತ್ತೇ ಎನ್ನುವುದನ್ನು ವಕೀಲರು ನೋಡಬಲ್ಲರು. ಎಲ್ಲ ಸಿಗದಿದ್ದರೂ ಭೇಟಿ ಮುಂದೂಡಬೇಡಿ, ಎಫ್‌ಐಆರ್ ಮತ್ತು ಡಿಸ್ಚಾರ್ಜ್ ಸಮರಿ ಇದ್ದರೆ ಮಾತು ಶುರು ಮಾಡಬಹುದು.

ಒರಿಜಿನಲ್‌ಗಳನ್ನು ತೋರಿಸಿ, ಜೆರಾಕ್ಸ್ ಕೊಟ್ಟು ಬನ್ನಿ. ಮುಂದೆ ಕೋರ್ಟಿಗೆ ಒರಿಜಿನಲ್ ಬೇಕಾಗುತ್ತದೆ, ಆಗ ಪಟ್ಟಿ ಬರೆದು ಸಹಿ ತೆಗೆದುಕೊಂಡು ಕೊಡಿ.

ತರ್ಲೆತಿಮ್ಮ:

ಎಫ್‌ಐಆರ್ ಒಯ್ಯಿ ಅಂದ್ರಿ, ಓದಿ ಅಂತ ಹೇಳಲಿಲ್ಲ. ಅದರಲ್ಲಿ ಏನು ಬರೆದಿದೆ ಅಂತ ಮನೆಯವರು ನೋಡಿದ್ದಾರಾ? ಗಾಯಾಳು ಪ್ರಜ್ಞೆ ಇಲ್ಲದೆ ಬಿದ್ದಿರುವಾಗ ಯಾರೋ ಸಂಬಂಧಿಕರು ಗಾಬರಿಯಲ್ಲಿ ಕೊಟ್ಟ ದೂರು ಎಷ್ಟೋ ಕೇಸಲ್ಲಿ ಇರುತ್ತೆ. ರಸ್ತೆ ತಪ್ಪು, ದಿಕ್ಕು ತಪ್ಪು, ಕೆಲವು ಕಡೆ ಕಾರಿನ ನಂಬರೇ ತಪ್ಪು. ವರ್ಷಗಳಾದ ಮೇಲೆ ಪಾಟಿ ಸವಾಲಿನಲ್ಲಿ ಇನ್ಶೂರೆನ್ಸ್ ವಕೀಲರು ಅದೇ ಸಾಲನ್ನ ಹಿಡಿದು ಎಳೀತಾರೆ.

ಸಂಜೆಮಲ್ಲಿಗೆ:

ಈಗ ತೆಗೆದು ಓದಿದೆ. ದೂರು ಕೊಟ್ಟಿದ್ದು ನಮ್ಮ ಭಾವ. ಎದುರಿನ ಕಾರು "ಹಿಂದಿನಿಂದ" ಬಂದು ಗುದ್ದಿತು ಅಂತ ಬರೆದಿದೆ. ನಿಜವಾಗಿ ಎಡಗಡೆ ಅಡ್ಡರಸ್ತೆಯಿಂದ ಬಂದಿದ್ದು. ಇದು ದೊಡ್ಡ ತಪ್ಪಾ?

ಇನ್ನೊಂದು ವಿಷಯ ಮನಸ್ಸಿಗೆ ಚುಚ್ತಿದೆ, ಹೇಳಿಬಿಡ್ತೀನಿ. ಆ ಹೊತ್ತಲ್ಲಿ ಅಣ್ಣ [ಮೂಲ ಬರಹಗಾರರು ಇಲ್ಲಿಂದ ಎರಡು ಸಾಲು ತೆಗೆದಿದ್ದಾರೆ]

ಕಪ್ಪುಕೋಟು:

ಮೇಡಂ, ಕೊನೆಯ ಎರಡು ಸಾಲು ದಯವಿಟ್ಟು ತೆಗೆಯಿರಿ. ಸುಳ್ಳು ಹೇಳಿ ಎಂದು ಹೇಳುತ್ತಿಲ್ಲ. ಅದನ್ನು ಹೇಳಬೇಕಾದ ಜಾಗ ವಕೀಲರ ಕೊಠಡಿ, ಇಂಥ ಕಟ್ಟೆಯಲ್ಲ. ಕಕ್ಷಿದಾರ ವಕೀಲರಿಗೆ ವೃತ್ತಿಯ ಸಂಬಂಧದಲ್ಲಿ ಹೇಳಿದ್ದನ್ನು ಆತನ ಒಪ್ಪಿಗೆ ಇಲ್ಲದೆ ವಕೀಲರು ಬಹಿರಂಗ ಮಾಡುವಂತಿಲ್ಲ. ಹಿಂದೆ ಸಾಕ್ಷ್ಯ ಕಾಯ್ದೆಯ ಕಲಂ 126 ಇತ್ತು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 132. ಅಪರಾಧ ಮಾಡಲು ಸಹಾಯ ಕೇಳಿದರೆ ಈ ರಕ್ಷಣೆ ಇಲ್ಲ, ಅದು ಬೇರೆ ಮಾತು. ಇಲ್ಲಿ ಬರೆದದ್ದಕ್ಕೆ ಅಂಥ ಯಾವ ರಕ್ಷಣೆಯೂ ಇಲ್ಲ.

ಆ ವಿಷಯವನ್ನು ಶನಿವಾರ ಅಣ್ಣನೇ ಬಾಯಿಬಿಟ್ಟು ಹೇಳಬೇಕು. ಕೇಸಿಗೆ ತೊಂದರೆಯಾಗುವ ಸಂಗತಿ ನಮಗೆ ಮೊದಲೇ ಗೊತ್ತಿದ್ದರೆ ಅದಕ್ಕೆ ತಕ್ಕ ದಾರಿ ಹುಡುಕುತ್ತೇವೆ. ಪಾಟಿ ಸವಾಲಿನ ದಿನ ಎದುರು ವಕೀಲರ ಬಾಯಿಂದ ಕೇಳಿದರೆ ನಾವೇನು ಮಾಡೋಣ? ಕಕ್ಷಿದಾರನ ತಪ್ಪೂ ಸ್ವಲ್ಪ ಇದೆ ಎಂದು ಕಂಡರೆ ಇಡೀ ಕೇಸು ಬೀಳುವುದಿಲ್ಲ, ನ್ಯಾಯಮಂಡಳಿ (ಅಪಘಾತ ಪರಿಹಾರದ ಕೇಸು ನಡೆಯುವ ಕೋರ್ಟು) ಆ ಪಾಲಿನಷ್ಟು ಪರಿಹಾರ ಕಡಿಮೆ ಮಾಡುತ್ತದೆ. ಇಲ್ಲಿ ಕ್ರಿಮಿನಲ್ ಕೇಸಿನಂತೆ ಸಂಶಯಾತೀತವಾಗಿ ಸಾಬೀತು ಮಾಡಬೇಕಿಲ್ಲ. ಯಾವುದು ಹೆಚ್ಚು ಸಂಭವನೀಯ ಎಂಬುದೇ ಅಳತೆ.

ಎಫ್‌ಐಆರ್‌ನ "ಹಿಂದಿನಿಂದ" ಎಂಬುದಕ್ಕೆ ಗಾಬರಿಯಾಗಬೇಡಿ, ಸುಮ್ಮನೆ ಬಿಡಲೂ ಬೇಡಿ. ಅಣ್ಣನ ಹೇಳಿಕೆ ಪೊಲೀಸರು ದಾಖಲಿಸಿದ್ದಾರೆಯೇ? ಮಹಜರಿನ ಸ್ಕೆಚ್ಚಿನಲ್ಲಿ ಅಡ್ಡರಸ್ತೆ ಇದೆಯೇ? ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲಿ ಯಾವ ಬದಿ ಜಖಂ ಎಂದಿದೆ? ಎಡ ಬಾಗಿಲು ಒಳಕ್ಕೆ ಹೋಗಿದ್ದರೆ ಆ ಕಾಗದ ಭಾವನ ದೂರಿಗಿಂತ ಗಟ್ಟಿಯಾಗಿ ಮಾತಾಡುತ್ತದೆ. ಕಾರು ರಿಪೇರಿಗೆ ಕೊಡುವ ಮುಂಚೆ ಫೋಟೋ ತೆಗೆದಿದ್ದೀರಾ?

ಸಂಜೆಮಲ್ಲಿಗೆ:

ತೆಗೆದಿದ್ದೀವಿ ಸರ್. ಗ್ಯಾರೇಜಿನವರು ಎಲ್ಲ ಕಡೆಯಿಂದ ತೆಗೆದುಕೊಟ್ಟಿದ್ದಾರೆ. ಸಾಲು ತೆಗೆದೆ. ಧನ್ಯವಾದ.

ಲೆಕ್ಕದಮನುಷ್ಯ:

ನಾನು ಇನ್ಶೂರೆನ್ಸ್ ಕ್ಲೇಮ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು, ಅಂದರೆ ಮೇಜಿನ ಆಚೆ ಬದಿಯವನು. ಕಂಪನಿಯವರು ಫೋನ್ ಮಾಡಿದ ಕೂಡಲೇ ಮೋಸ ಅಂದುಕೊಳ್ಳಬೇಡಿ. ಮೋಟಾರು ವಾಹನಗಳ ಕಾಯ್ದೆಯ ಈಗಿನ ಕಲಂ 149ರ ಪ್ರಕಾರ ಅಪಘಾತದ ಮಾಹಿತಿ ಬಂದ ಮೇಲೆ ಕಂಪನಿ ಒಬ್ಬ ಅಧಿಕಾರಿಯನ್ನು ನೇಮಿಸಬೇಕು, ಅವರು 30 ದಿನದೊಳಗೆ ಪ್ರಸ್ತಾವ ಇಡಬಹುದು. ಒಪ್ಪಿದರೆ ನ್ಯಾಯಮಂಡಳಿ ಅದನ್ನು ದಾಖಲಿಸಿಕೊಳ್ಳುತ್ತದೆ, ಆಮೇಲೆ ಹೆಚ್ಚೆಂದರೆ 30 ದಿನದಲ್ಲಿ ಹಣ. ಒಪ್ಪದಿದ್ದರೆ ವಿಚಾರಣೆ. ಇಷ್ಟೇ.

ಆದರೆ ಫೋನಿನಲ್ಲಿ ಏನೂ ಒಪ್ಪಬೇಡಿ, ಏನೂ ವಿವರಿಸಬೇಡಿ. "ವಕೀಲರ ಜೊತೆ ಮಾತಾಡಿ ತಿಳಿಸ್ತೀವಿ, ನಿಮ್ಮ ಪ್ರಸ್ತಾವವನ್ನ ಬರಹದಲ್ಲಿ ಕಳಿಸಿ" ಅನ್ನಿ. ಕರೆ ಮಾಡಿದವರ ಹೆಸರು, ಹುದ್ದೆ, ದಿನಾಂಕ ಬರೆದಿಟ್ಟುಕೊಂಡು ಶನಿವಾರ ವಕೀಲರಿಗೆ ಕೊಡಿ.

ಒಂದು ಗುಂಡಿ ಇದೆ ಇಲ್ಲಿ. ಕಲಂ 164ರಲ್ಲಿ ಯಾರ ತಪ್ಪು ಅಂತ ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಪಡೆಯಬಹುದು. ಮೂಳೆ ಮುರಿತ ತೀವ್ರ ಗಾಯವೇ. ಕೇಳೋಕೆ ಚೆನ್ನಾಗಿದೆ. ಆದರೆ 149ರ ವಿಧಾನದಲ್ಲಿ 164ರ ಹಣ ಒಪ್ಪಿಕೊಂಡರೆ 166ರ ಕೆಳಗಿನ ಅರ್ಜಿ, ಅಂದರೆ ಎದುರಿನವರ ತಪ್ಪು ತೋರಿಸಿ ಆದ ನಷ್ಟಕ್ಕೆ ತಕ್ಕ ಪರಿಹಾರ ಕೇಳೋ ಅರ್ಜಿ, ಅಲ್ಲಿಗೇ ರದ್ದು. ಚಿಕ್ಕ ಗಾಯಕ್ಕೆ, ಅಥವಾ ತಪ್ಪು ಯಾರದು ಅನ್ನೋದೇ ಗೊಂದಲ ಇರೋ ಕಡೆ 164 ಒಳ್ಳೇದೇ. ಕುಕ್ಕರಗಾಲಲ್ಲಿ ಕೂತು ದುಡಿಯೋ 38ರ ಮನುಷ್ಯನಿಗೆ ಅಲ್ಲ ಅಂತ ನನ್ನ ಲೆಕ್ಕ.

ಊರುಗೋಲು:

ಲೆಕ್ಕ ಬಿಡಿಸಿ ಹೇಳಿ ಸ್ವಾಮಿ, ಹೆಸರಿಗೆ ತಕ್ಕ ಹಾಗೆ.

ಲೆಕ್ಕದಮನುಷ್ಯ:

ಸರಿ, ಉದಾಹರಣೆಗೆ ಅಂತ ಮಾತ್ರ. ತಿಂಗಳಿಗೆ 20,000 ಆದಾಯ ಅಂತ ಹಿಡಿಯಿರಿ, ವರ್ಷಕ್ಕೆ 2,40,000. ಸರಳಾ ವರ್ಮಾ ಪ್ರಕರಣದಲ್ಲಿ (2009) ಸುಪ್ರೀಂ ಕೋರ್ಟು ಹಾಕಿಕೊಟ್ಟ ಪಟ್ಟಿಯಲ್ಲಿ 36ರಿಂದ 40 ವಯಸ್ಸಿಗೆ ಗುಣಕ, ಅಂದರೆ ವರ್ಷದ ಆದಾಯವನ್ನ ಗುಣಿಸೋ ಸಂಖ್ಯೆ, 15. ಗುಣಿಸಿದರೆ 36 ಲಕ್ಷ. ಇದಕ್ಕೆ ದುಡಿಮೆಯ ನಷ್ಟ ಶೇಕಡಾ ಎಷ್ಟು ಅಂತ ಹಚ್ಚಬೇಕು. ಶೇ 10 ಅಂದರೆ 3,60,000. ಶೇ 30 ಅಂದರೆ 10,80,000. ಮುಂದೆ ಆದಾಯ ಹೆಚ್ಚುವ ಸಾಧ್ಯತೆಗೆ ಪ್ರಣಯ್ ಸೇಠಿ ತೀರ್ಪಿನ (2017) ಪ್ರಕಾರ 40ರೊಳಗಿನ ಸ್ವಂತ ದುಡಿಮೆಯವರಿಗೆ ಶೇ 40 ಸೇರಿಸುತ್ತಾರೆ. ಶಾಶ್ವತ ಊನವಾದ ಗಾಯಾಳುಗಳಿಗೂ ಅದು ಅನ್ವಯ ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಚಿಕಿತ್ಸೆ ಖರ್ಚು, ನೋವು, ಮಲಗಿದ ತಿಂಗಳುಗಳ ಆದಾಯ, ರಾಡ್ ತೆಗೆಸಬೇಕಾದರೆ ಮುಂದಿನ ಆಪರೇಷನ್ ಖರ್ಚು, ಇವೆಲ್ಲ ಬೇರೆ.

ನೋಡಿದ್ರಲ್ಲ, ಗುಣಕ ಬದಲಾಗಲ್ಲ, ವಯಸ್ಸು ಬದಲಾಗಲ್ಲ. ಜಗಳವೆಲ್ಲ ಎರಡು ಅಂಕಿಗೆ: ಆದಾಯ ಎಷ್ಟು, ದುಡಿಮೆಯ ನಷ್ಟ ಶೇಕಡಾ ಎಷ್ಟು. ಮೊದಲ ಭೇಟಿಯಲ್ಲಿ ವಕೀಲರು ಈ ಎರಡರ ಬಗ್ಗೆ ಪ್ರಶ್ನೆ ಕೇಳ್ತಾರಾ ಇಲ್ವಾ, ಅದನ್ನ ನೋಡ್ಕೊಳ್ಳಿ.

ಕಪ್ಪುಕೋಟು:

ಮೇಲಿನವರು ಹೇಳಿದ್ದು ಸರಿ. ಎರಡನೇ ಅಂಕಿಯ ಬಗ್ಗೆ ಸ್ವಲ್ಪ ವಿವರ ಸೇರಿಸುತ್ತೇನೆ, ಏಕೆಂದರೆ ಹೆಚ್ಚು ಜನ ಎಡವುವುದು ಅಲ್ಲೇ.

ವೈದ್ಯರು ಕೊಡುವ ಊನದ ಶೇಕಡಾವಾರು ಬೇರೆ, ದುಡಿಮೆಯ ನಷ್ಟದ ಶೇಕಡಾವಾರು ಬೇರೆ. ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪಿನಲ್ಲಿ (2010) ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ. ಎಡಗೈ ಕಳೆದುಕೊಂಡವನು ಚಾಲಕನೋ ಬಡಗಿಯೋ ಆಗಿದ್ದರೆ ಅವನ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ. ಅದೇ ಗಾಯವಾದ ಸರ್ಕಾರಿ ಗುಮಾಸ್ತ ಕೆಲಸದಲ್ಲಿ ಮುಂದುವರಿಯಬಲ್ಲ. ಹಾಗಾಗಿ ನಿಮ್ಮ ಅಣ್ಣನ ಕೇಸಿನಲ್ಲಿ ಕೇಳಬೇಕಾದದ್ದು ಕಾಲು ಎಷ್ಟು ಗುಣವಾಯಿತು ಎಂಬುದಷ್ಟೇ ಅಲ್ಲ. ಮಂಡಿ ಎಷ್ಟು ಮಡಚುತ್ತದೆ, ನೆಲಕ್ಕೆ ಕೂರಲು ಆಗುತ್ತದೆಯೇ, ಕೂತರೆ ಎಷ್ಟು ಹೊತ್ತು, ಸಿಮೆಂಟ್ ಚೀಲ ಎತ್ತಲು ಆಗುತ್ತದೆಯೇ. ಶನಿವಾರ ಅಣ್ಣ ತಮ್ಮ ಕೆಲಸವನ್ನು ಬೆಳಗ್ಗೆಯಿಂದ ಸಂಜೆವರೆಗೆ ಹೇಗೆ ಮಾಡುತ್ತಿದ್ದರು ಎಂದು ವಿವರಿಸಲಿ. "ಟೈಲ್ಸ್ ಕೆಲಸ" ಎಂಬ ಎರಡು ಪದದಿಂದ ನ್ಯಾಯಾಧೀಶರಿಗೆ ಏನೂ ಕಾಣುವುದಿಲ್ಲ.

ಊನದ ಪ್ರಮಾಣಪತ್ರಕ್ಕೆ ಈಗಲೇ ಓಡಬೇಡಿ, ಮೂಳೆ ಕೂಡಿ ಚಿಕಿತ್ಸೆ ಒಂದು ಹಂತಕ್ಕೆ ಬರಬೇಕು. ಆಗಲೂ ಆಪರೇಷನ್ ಮಾಡಿದ ವೈದ್ಯರೇ ಆದರೆ ಉತ್ತಮ. "ಸರ್ಟಿಫಿಕೇಟ್ ನಾವು ಮಾಡಿಸಿಕೊಡ್ತೀವಿ" ಎನ್ನುವ ಕಚೇರಿ ಸಿಕ್ಕಿದರೆ ಎದ್ದು ಬನ್ನಿ. ಹಾಗೆ ತಯಾರಾದ ಪ್ರಮಾಣಪತ್ರಗಳ ಬಗ್ಗೆ ಅದೇ ತೀರ್ಪಿನಲ್ಲಿ ಎಚ್ಚರಿಕೆ ಇದೆ.

ಮೂರನೇಗೇರು:

ಆದಾಯಕ್ಕೆ ದಾಖಲೆ ಇಲ್ಲ ಅಂದ್ರಲ್ಲ ಅಕ್ಕಾ. ಕೆಲಸ ಕೊಡ್ತಿದ್ದ ಕಂಟ್ರಾಕ್ಟರ್ ಹತ್ರ ಒಂದು ಪತ್ರ, ಸಾಧ್ಯವಾದರೆ ಅವರೇ ಬಂದು ಸಾಕ್ಷಿ ಹೇಳೋ ಒಪ್ಪಿಗೆ. ಫೋನ್‌ಪೇ, ಗೂಗಲ್‌ಪೇಗೆ ಬಂದ ದುಡ್ಡು ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ಇದ್ದೇ ಇರುತ್ತೆ, ಅಪಘಾತದ ಹಿಂದಿನ ಒಂದು ವರ್ಷದ್ದು ತೆಗೆಸಿ. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಇದ್ರೆ ಅದು ಬಂಗಾರ, ಕೆಲಸ ಯಾವುದು ಅನ್ನೋದಕ್ಕೆ. ಸಾಲದ ಕಂತು ಕಟ್ಟಿರೋದೂ ಒಂದು ಗುರುತೇ. ಏನೂ ಇಲ್ಲದಿದ್ರೆ ಕೋರ್ಟು ಅಂದಾಜು ಆದಾಯ ಹಿಡಿಯುತ್ತೆ, ಅದು ನಿಜವಾದ ದುಡಿಮೆಗಿಂತ ಕಡಿಮೆ ಆಗೋದೇ ಜಾಸ್ತಿ.

ಸಂಜೆಮಲ್ಲಿಗೆ:

ಕಾರ್ಮಿಕ ಕಾರ್ಡ್ ಇದೆ! ಅದನ್ನ ಯಾರೂ ಕೇಳಿರಲಿಲ್ಲ. ಫೀಸಿನ ವಿಷಯ ಹೇಗೆ ಎತ್ತೋದು? ಪರಿಚಯದವರು ಕಳಿಸಿದ್ದು, ಮೊದಲ ದಿನವೇ ದುಡ್ಡಿನ ಮಾತಾಡಿದ್ರೆ ಏನಂದುಕೊಳ್ತಾರೋ ಅಂತ ಅಣ್ಣನಿಗೆ ಸಂಕೋಚ. ಬಂದದ್ದರಲ್ಲಿ ಪರ್ಸೆಂಟೇಜ್ ಕೊಡೋದೇ ಪದ್ಧತಿ ಅಂತ ಭಾವ ಹೇಳ್ತಾರೆ.

ಕಪ್ಪುಕೋಟು:

ಭಾರತೀಯ ವಕೀಲರ ಪರಿಷತ್ತಿನ ನಿಯಮದಲ್ಲಿ ಇದು ಸ್ಪಷ್ಟ: ಕೇಸಿನ ಫಲಿತಾಂಶದ ಮೇಲೆ ಫೀಸು ನಿಗದಿ ಮಾಡುವಂತಿಲ್ಲ, ಬಂದ ಹಣದಲ್ಲಿ ಪಾಲು ಕೇಳುವಂತಿಲ್ಲ. ಕೇಸು ಕೇಳಿಕೊಂಡು ಮನೆಗೋ ಆಸ್ಪತ್ರೆಗೋ ಜನರನ್ನು ಕಳಿಸುವಂತೆಯೂ ಇಲ್ಲ. ಫೀಸು ಒಟ್ಟು ಇಷ್ಟು, ಅರ್ಜಿ ಹಾಕುವಾಗ ಇಷ್ಟು, ಸಾಕ್ಷ್ಯದ ಹಂತದಲ್ಲಿ ಇಷ್ಟು ಎಂದು ಹೇಳಿಸಿಕೊಂಡು ಬರಹದಲ್ಲಿ ಪಡೆಯಿರಿ. ಪ್ರತಿಗಳ ಖರ್ಚು, ವೈದ್ಯರನ್ನು ಸಾಕ್ಷಿಗೆ ಕರೆಸುವ ಖರ್ಚು ಅದರಲ್ಲಿ ಸೇರಿದೆಯೇ ಎಂದೂ ಕೇಳಿ. ಸಂಕೋಚ ಏಕೆ? ನಾವು ಫೀಸು ತೆಗೆದುಕೊಂಡೇ ಕೆಲಸ ಮಾಡುವವರು.

ತರ್ಲೆತಿಮ್ಮ:

ನಿಯಮದ ಪುಸ್ತಕ ನಾನೂ ಓದಿದ್ದೀನಿ ಸರ್. ದುಡಿಯೋನು ಹಾಸಿಗೆ ಹಿಡಿದಿದ್ದಾನೆ, ಮನೆಯಲ್ಲಿದ್ದ ಒಡವೆ ಆಸ್ಪತ್ರೆಗೆ ಹೋಯ್ತು. ಈಗ ಮುಂಗಡ ಫೀಸು ಎಲ್ಲಿಂದ ತರ್ತಾರೆ? "ಬಂದಾಗ ಕೊಡಿ" ಅನ್ನೋ ವಕೀಲರು ಇರೋದ್ರಿಂದಲೇ ಎಷ್ಟೋ ಬಡವರ ಕೇಸು ಕೋರ್ಟಿಗೆ ಹೋಗಿದೆ. ಬೇರೆ ಕೆಲವು ದೇಶಗಳಲ್ಲಿ ಅದು ಕಾನೂನುಬದ್ಧವೇ. ಇಲ್ಲಿ ಬಾಗಿಲ ಮುಂದೆ ನಿಷೇಧ, ಹಿಂದೆ ಪದ್ಧತಿ. ಅದಕ್ಕೇ ಯಾವುದೂ ಬರಹದಲ್ಲಿ ಇರಲ್ಲ, ಬರಹದಲ್ಲಿ ಇಲ್ಲದ್ದರಿಂದ ಕೊನೆಗೆ ಕೈಗೆ ಎಷ್ಟು ಬಂತು ಅಂತ ಕಕ್ಷಿದಾರನಿಗೆ ಗೊತ್ತೇ ಆಗಲ್ಲ.

ಕಪ್ಪುಕೋಟು:

ಕೊನೆಯ ಸಾಲು ಒಪ್ಪುತ್ತೇನೆ. ಫೀಸನ್ನು ತಡವಾಗಿ ತೆಗೆದುಕೊಳ್ಳುವುದಕ್ಕೂ ಪಾಲು ಕೇಳುವುದಕ್ಕೂ ವ್ಯತ್ಯಾಸವಿದೆ ಎನ್ನುವುದಷ್ಟೇ ನನ್ನ ವಾದ. ನಿಗದಿತ ಫೀಸನ್ನು ಕಂತಿನಲ್ಲಿ ಕೊಡುವ ಮಾತಾಡಿಕೊಳ್ಳಬಹುದು.

ಮೂರನೇಗೇರು:

ಫೀಸು ಕೊಡೋಕೆ ಆಗದಿದ್ರೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಉಚಿತ ವಕೀಲರು ಸಿಗ್ತಾರಲ್ಲ? ಹೆಂಗಸರಿಗೆ ಆದಾಯ ಎಷ್ಟಿದ್ರೂ ಸಿಗುತ್ತೆ ಅಂತ ಕೇಳಿದ್ದೀನಿ.

ಕಪ್ಪುಕೋಟು:

ಹೌದು, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, ಕಲಂ 12. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯದ ಮಿತಿ ಇಲ್ಲದೆ ಅರ್ಹರು. ಆದರೆ ಇಲ್ಲಿ ಅರ್ಜಿದಾರರು ಅಣ್ಣ, ತಂಗಿಯಲ್ಲ. ಅವರು ಯಾವ ವರ್ಗದಲ್ಲಿ ಅಥವಾ ಆದಾಯ ಮಿತಿಯಲ್ಲಿ ಬರುತ್ತಾರೆ ಎಂದು ಸಮಿತಿಯಲ್ಲೇ ಕೇಳಬೇಕು. 15100ಕ್ಕೆ ಕರೆ ಮಾಡಿದರೂ ತಿಳಿಸುತ್ತಾರೆ.

ಊರುಗೋಲು:

ಸೈನ್ ವಿಷಯ ಯಾರೂ ಹೇಳಲಿಲ್ಲ. ತಂಗಿ, ವಕಾಲತ್ತಿಗೆ ಸೈನ್ ಹಾಕದೆ ವಕೀಲರು ನಿಮ್ಮ ಪರವಾಗಿ ನಿಲ್ಲೋಕಾಗಲ್ಲ, ಅದು ಬೇಕೇ ಬೇಕು. ಆದರೆ ಶನಿವಾರವೇ ಬೇಕಿಲ್ಲ. ಮನೆಗೆ ಬಂದು, ಇನ್ನೊಬ್ಬ ವಕೀಲರನ್ನೂ ನೋಡಿ, ಆಮೇಲೆ ಹಾಕಿದರೂ ನಿಮ್ಮ ಆರು ತಿಂಗಳಲ್ಲಿ ಟೈಮಿದೆ. ಹಾಕುವಾಗ ವಕಾಲತ್ತಿನಲ್ಲಿ ಅಣ್ಣನ ಹೆಸರು, ಕೋರ್ಟಿನ ಹೆಸರು, ವಕೀಲರ ಹೆಸರು ತುಂಬಿರಬೇಕು. ಖಾಲಿ ಹಾಳೆ, ಖಾಲಿ ಸ್ಟ್ಯಾಂಪ್ ಪೇಪರು, ಖಾಲಿ ಚೆಕ್ಕು, ಇವು ಮೂರಕ್ಕೆ ಯಾರು ಕೇಳಿದರೂ ಇಲ್ಲ ಅನ್ನಿ. ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ಕೊಡಿ, ಎಟಿಎಂ ಕಾರ್ಡು ಕೊಡಬೇಡಿ. ನಗಬೇಡಿ, ಕೊಟ್ಟವರನ್ನ ನೋಡಿದ್ದೀನಿ.

ಕಪ್ಪುಕೋಟು:

ಪರಿಹಾರದ ಹಣ ನೇರ ಗಾಯಾಳುವಿನ ಖಾತೆಗೇ ಹೋಗುವ ವ್ಯವಸ್ಥೆಗೆ 2025ರಲ್ಲಿ ಸುಪ್ರೀಂ ಕೋರ್ಟು ನಿರ್ದೇಶನ ಕೊಟ್ಟಿದೆ. ಖಾತೆ ಅಣ್ಣನ ಹೆಸರಿನಲ್ಲೇ ಇರಲಿ.

ವಕೀಲರು ಸರಿ ಬರದಿದ್ದರೆ ಬದಲಾಯಿಸಬಹುದು. ಫೀಸು ಬಾಕಿ ಇದೆ ಎಂದು ಫೈಲನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು 2000ದಲ್ಲೇ ತೀರ್ಪಾಗಿದೆ. ಬಾಕಿ ಫೀಸಿಗೆ ಅವರು ಬೇರೆ ದಾರಿ ನೋಡಬೇಕು.

ಸಂಜೆಮಲ್ಲಿಗೆ:

ಹೋಗಿ ಬಂದ್ವಿ. ಏನಾಯ್ತು ಅಂತ ಬರೀತಿದ್ದೀನಿ.

ಮೊದಲ ಅರ್ಧ ಗಂಟೆ ಅವರ ಜೂನಿಯರ್ ಮಾತಾಡಿಸಿದ್ರು, ಹುಡುಗಿ, ತುಂಬಾ ಚುರುಕು. ಅಣ್ಣನ ಕೈಲಿ ಒಂದು ಹಾಳೆ ಕೊಟ್ಟು ರಸ್ತೆ ಬರೀರಿ, ನಿಮ್ಮ ಕಾರೆಲ್ಲಿತ್ತು, ಅದೆಲ್ಲಿಂದ ಬಂತು ತೋರಿಸಿ ಅಂದ್ರು. ಬಾವಿ ನೀರು ಸೇದಿದ ಹಾಗೆ ಒಂದೊಂದೇ ವಿಷಯ ಹೊರಗೆ ತೆಗೆದ್ರು. ಆಮೇಲೆ ಸೀನಿಯರ್ ಬಂದು ಫೋಟೋಗಳನ್ನ ನೋಡಿ, ಎಫ್‌ಐಆರ್ ಓದಿ "ಹಿಂದಿನಿಂದ ಅಂತ ಯಾರು ಬರೆಸಿದ್ದು?" ಅಂದ್ರು. ಭಾವ ತಲೆ ಕೆರ್ಕೊಂಡ್ರು. ಅಣ್ಣನ ಹೇಳಿಕೆ ಪೊಲೀಸರು ಇನ್ನೂ ತಗೊಂಡಿಲ್ಲ, ಮೊದಲು ಅದನ್ನ ದಾಖಲಿಸೋ ಹಾಗೆ ಅರ್ಜಿ ಕೊಡೋಣ ಅಂದ್ರು. ನಾನು ಇಲ್ಲಿಂದ ತೆಗೆದ ವಿಷಯವನ್ನ ಅಣ್ಣನೇ ಹೇಳಿದ. ಅವರು ಮುಖ ಗಂಟಿಕ್ಕಲಿಲ್ಲ, ಬರ್ಕೊಂಡು "ಒಳ್ಳೇದಾಯ್ತು ಹೇಳಿದ್ದು" ಅಂದ್ರು ಅಷ್ಟೆ.

ಎಷ್ಟು ಬರುತ್ತೆ ಅಂತ ಭಾವ ಕೇಳೇ ಬಿಟ್ರು. "ಮೂಳೆ ಕೂಡಲಿ, ಡಾಕ್ಟರು ಹೇಳಲಿ, ಆಮೇಲೆ ಕೇಳಿ" ಅಂದ್ರು. ಫೀಸು ಹಂತ ಹಂತವಾಗಿ, ಚೀಟಿಯಲ್ಲಿ ಬರೆದು ಕೊಟ್ಟಿದ್ದಾರೆ. ಇನ್ಶೂರೆನ್ಸ್ ಕಂಪನಿ ಫೋನು ಬಂದ್ರೆ ಅವರ ನಂಬರ್ ಕೊಡಿ ಅಂದ್ರು.

ಒಂದು ಅರ್ಥ ಆಗಲಿಲ್ಲ. ಪೊಲೀಸರೇ ಕೋರ್ಟಿಗೆ ವರದಿ ಕಳಿಸ್ತಾರೆ, ಅದೇ ಅರ್ಜಿ ಆಗುತ್ತೆ ಅಂತ ಠಾಣೆಯಲ್ಲಿ ಹೇಳಿದ್ರು. ಹಾಗಾದ್ರೆ ವಕೀಲರು ಬೇರೆ ಅರ್ಜಿ ಯಾಕೆ ಹಾಕ್ತಾರೆ?

ಕಪ್ಪುಕೋಟು:

ಠಾಣೆಯವರು ಹೇಳಿದ್ದು ಅರ್ಧ ಸರಿ. 2022ರ ಮೋಟಾರು ವಾಹನ ನಿಯಮಗಳ ಪ್ರಕಾರ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿ, 90 ದಿನದೊಳಗೆ ವಿವರವಾದ ವರದಿ ನ್ಯಾಯಮಂಡಳಿಗೆ ಕೊಡಬೇಕು. ಕಲಂ 166(4)ರಡಿ ನ್ಯಾಯಮಂಡಳಿ ಅದನ್ನು ಪರಿಹಾರದ ಅರ್ಜಿಯೆಂದೇ ಪರಿಗಣಿಸಬೇಕು. ಆದರೆ ವರದಿ ಸಮಯಕ್ಕೆ ಹೋಯಿತೇ, ಅದರಲ್ಲಿ ಅಣ್ಣನ ಆದಾಯ, ಕೆಲಸ, ಮುಂದಿನ ಚಿಕಿತ್ಸೆ ಇದೆಯೇ, ಯಾವ ನ್ಯಾಯಮಂಡಳಿಗೆ ಹೋಯಿತು, ಇದನ್ನೆಲ್ಲ ನೋಡಿಕೊಳ್ಳುವವರು ಯಾರು? ಅರ್ಜಿಯನ್ನು ಅಪಘಾತವಾದ ಜಾಗದಲ್ಲಿ, ಗಾಯಾಳು ವಾಸಿಸುವಲ್ಲಿ, ಅಥವಾ ಎದುರುಗಾರ ವಾಸಿಸುವಲ್ಲಿ ಹಾಕಬಹುದು. ವಾಕರ್ ಹಿಡಿದು ಓಡಾಡುವವರಿಗೆ ಮನೆ ಹತ್ತಿರದ ಕೋರ್ಟು ಆರಿಸಿಕೊಳ್ಳುವುದು ಸಣ್ಣ ವಿಷಯವಲ್ಲ.

ಕಾಡುಗೇರು:

ಮಧ್ಯ ಬಂದಿದ್ದಕ್ಕೆ ಕ್ಷಮಿಸಿ. ನಮ್ಮ ಚಿಕ್ಕಪ್ಪನಿಗೆ ಗುದ್ದಿದ ಕಾರು ನಿಲ್ಲಿಸದೆ ಹೋಯ್ತು, ನಂಬರ್ ಯಾರೂ ನೋಡಿಲ್ಲ. ಕೈಮೂಳೆ ಮುರಿದಿದೆ. ನಾವು ವಕೀಲರ ಹತ್ರ ಹೋದ್ರೂ ಪ್ರಯೋಜನ ಇಲ್ವಾ?

ಲೆಕ್ಕದಮನುಷ್ಯ:

ಗುದ್ದಿ ಓಡಿದ ಪ್ರಕರಣಕ್ಕೆ ಬೇರೆ ಯೋಜನೆ ಇದೆ, ಕಲಂ 161. ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. ಅರ್ಜಿ ಹೋಗೋದು ಕೋರ್ಟಿಗಲ್ಲ, ತಹಶೀಲ್ದಾರ್ ಅಥವಾ ಉಪವಿಭಾಗದ ಕಂದಾಯ ಅಧಿಕಾರಿಗೆ. ಎಫ್‌ಐಆರ್ ಪ್ರತಿ, ಆಸ್ಪತ್ರೆ ಕಾಗದ, ಬ್ಯಾಂಕ್ ವಿವರ ಬೇಕು. ಪೊಲೀಸರು ಕಾರು ಪತ್ತೆ ಮಾಡಿದರೆ ಮೇಲೆ ಹೇಳಿದ ದಾರಿ ತೆರೆಯುತ್ತೆ, ಆಗ ಈ ಹಣವನ್ನ ಪರಿಹಾರದಲ್ಲಿ ಹೊಂದಿಸಿಕೊಳ್ತಾರೆ. ಸುತ್ತಮುತ್ತ ಅಂಗಡಿಯ ಸಿಸಿಟಿವಿ ಇದ್ರೆ ಇವತ್ತೇ ಕೇಳಿ, ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗಿಬಿಡುತ್ತೆ.

ಕಾಡುಗೇರು:

ಎರಡು ಅಂಗಡಿಯಲ್ಲಿ ಕ್ಯಾಮೆರಾ ಇದೆ. ಈಗಲೇ ಹೊರಟೆ.